ತಲೆಯ ಕಡೆಯ ಕರ್ಚೀಫು

"ಆ ಕಿಟಕಿ ಅಲ್ಲ ಮಾರಾಯ, ಈ ಕಿಟಕಿ!" ಎಂದು ಶಾಹುಲ್ ಹಮೀದ್ ಕೂಗುವಷ್ಟರಲ್ಲಿ ಜೋಸ್ವಿನ್ ತಪ್ಪು ಸಾಲಿನಲ್ಲಿ ನಿಂತು ಇಪ್ಪತ್ತು ನಿಮಿಷ ಕಳೆದಿದ್ದ. ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲು ಬೆವರಿಗೆ ಅಂಟಿಕೊಂಡಿತ್ತು. ಗೋಡೆಯ ಆಚೆ, ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿ, ದೇಜಪ್ಪಣ್ಣ ಮಲಗಿ ಒಂಬತ್ತನೆಯ ದಿನ. ಹನ್ನೆರಡು ಗಂಟೆಯೊಳಗೆ ಕೊನೆಯ ಮೊಹರು ಬೀಳದಿದ್ದರೆ ಸಂಜೆಯ ವಿಮಾನ ತಪ್ಪುತ್ತದೆ. ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಕಚೇರಿಗಳಿಗೆ ರಜೆ. ಊರಿನಲ್ಲಿ ದೇಜಪ್ಪಣ್ಣನ ಹೆಂಡತಿ ಗುಲಾಬಿಯಕ್ಕ ಇನ್ನೂ ಮೂರು ದಿನ ಬಾಗಿಲು ನೋಡುತ್ತ ಕೂರಬೇಕು.

"ಈ ಕಿಟಕಿಗಳೆಲ್ಲ ದೇಜಪ್ಪಣ್ಣನಿಗೆ ಬಾಯಿಪಾಠ ಇತ್ತು," ಎಂದ ಶಾಹುಲ್.

"ಗೊತ್ತುಂಟು. ಸುಮ್ಮನಿರು ನೀನು."

ಕೊಲ್ಲಿ ನಾಡಿನಲ್ಲಿ ದುಡಿಯುವ ಊರಿನವರ ಕರಾವಳಿ ಸಂಘಕ್ಕೆ ಜೋಸ್ವಿನ್ ಅಧ್ಯಕ್ಷನಾಗಿ ಏಳು ತಿಂಗಳು. ಶಾಹುಲ್ ಕಾರ್ಯದರ್ಶಿ. ಅದಕ್ಕೂ ಮೊದಲು ಇಬ್ಬರೂ ಹೋರಾಟ ಬಳಗದವರು. ಸಾಲ್ಮಿಯಾದಲ್ಲಿ ಸಂಘದ ಸಭೆ ನಡೆಯುತ್ತಿದ್ದಾಗ ಹಾಲಿನ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಳೆಯ ಸಮಿತಿಯನ್ನು ಎರಡು ಗಂಟೆ ಒಳಗೇ ಕೂಡಿಹಾಕಿದ್ದ ಬಳಗ. ಕೂಗುವುದರಲ್ಲಿ, ಕುರ್ಚಿ ಎತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾವ ಮೊಹರು ಯಾವ ಕಿಟಕಿಯಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ಯಾರೂ ಕಲಿತಿರಲಿಲ್ಲ.

ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಮೊಹರು ಬಿತ್ತು.

*

ಬಳಗ ಚುನಾವಣೆ ಗೆದ್ದದ್ದು ಒಂದೇ ಮಾತಿನಿಂದ: ಹತ್ತೊಂಬತ್ತು ದಿನ.

ಮಂಗಫ್‌ನಲ್ಲಿ ಲೋಕನಾಥ ಎಂಬ ವೆಲ್ಡರ್ ಹುಡುಗ ತೀರಿಕೊಂಡಾಗ ದೇಹ ಊರು ತಲುಪಲು ಹಿಡಿದದ್ದು ಹತ್ತೊಂಬತ್ತು ದಿನ. ಸತ್ತವರ ಕಾಗದಪತ್ರಗಳ ಕೆಲಸವನ್ನು ಸಂಘದ ಪರವಾಗಿ ಮಾಡುತ್ತಿದ್ದವನು ದೇಜಪ್ಪ. ರಿಫೈನರಿಯ ಬಸ್ಸು ಓಡಿಸುವ ಚಾಲಕ. ಬೆಳಗಿನ ಪಾಳಿ ಮುಗಿಸಿ, ಕೈಯಲ್ಲಿ ಬ್ರೆಡ್ಡೊಂದನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ. ಇಪ್ಪತ್ತೇಳು ವರ್ಷ ಹೀಗೆಯೇ.

ಮಹಾಸಭೆಯ ವೇದಿಕೆಗೆ ಅವನನ್ನು ಕರೆದದ್ದು ಜೋಸ್ವಿನ್.

"ಹತ್ತೊಂಬತ್ತು ದಿನ ಯಾಕಾಯ್ತು? ಹೇಳಿ ದೇಜಪ್ಪಣ್ಣ. ಜನರ ಎದುರು ಹೇಳಿ."

ದೇಜಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ಪೇಪರ್ ಮಾರಾಯ. ಪೇಪರ್ ಸ್ವಲ್ಪ ತಡ ಆಯ್ತು."

"ಪೇಪರಂತೆ!" ಜೋಸ್ವಿನ್ ಸಭೆಯತ್ತ ತಿರುಗಿದ. "ಇವನು ಹೆಣದ ದಲ್ಲಾಳಿ!"

ಸಭೆ ಎದ್ದು ನಿಂತಿತು. ಯಾರೋ ಚಪ್ಪಲಿ ಎಸೆದರು. ಅದು ದೇಜಪ್ಪನ ಹೆಗಲಿಗೆ ತಾಗಿ ಬಿತ್ತು. ಅವನು ಬಗ್ಗಿ ಆ ಚಪ್ಪಲಿಯನ್ನು ಎತ್ತಿ, ಯಾರ ಕಾಲಿಗೂ ಅಡ್ಡವಾಗದಂತೆ ವೇದಿಕೆಯ ಮೂಲೆಯಲ್ಲಿಟ್ಟ.

ಗೆದ್ದ ಮರುದಿನ ಅವನೇ ಜೋಸ್ವಿನ್‌ನ ಕೋಣೆಗೆ ಬಂದಿದ್ದ. ಕೂರು ಎಂದರೂ ಕೂರಲಿಲ್ಲ.

"ಮೂರು ಗುರುವಾರ ನನ್ನ ಜತೆ ಬಾ. ತೋರಿಸಿಕೊಡ್ತೇನೆ. ಸಣ್ಣ ಸಣ್ಣ ಸಂಗತಿ ಉಂಟು. ಸಾವಿನ ಸುದ್ದಿ ಬಂದ ಕೂಡಲೇ ಮೊದಲು ಕಂಪೆನಿಯ ಮಂದೂಬ್ ಹತ್ತಿರ ಹೋಗ್ಬೇಕು. ಸರಕಾರಿ ಕಚೇರಿಗೆ ಓಡಾಡುವವ ಅವನೇ ಅಲ್ವಾ? ಒಂದು ಚಾ ಕುಡಿಸಿ, ಕೂತು ಮಾತಾಡ್ಬೇಕು. ಕೂಗಿದ್ರೆ ಅವ ಫೋನ್ ಎತ್ತುದಿಲ್ಲ. ಮತ್ತೆ ಪೆಟ್ಟಿಗೆ ಮುಚ್ಚಿದ ಕೂಡಲೇ ತಲೆ ಇರುವ ಕಡೆ ಹಿಡಿಕೆಗೆ ಒಂದು ಬಿಳಿ ಕರ್ಚೀಫು ಕಟ್ಟುದು. ಮೇಲೆ ಗೋಣಿ ಸುತ್ತಿದ್ರೆ ಎರಡೂ ಕಡೆ ಒಂದೇ ತರ. ಊರಲ್ಲಿ ಬಿಚ್ಚುವಾಗ ಹೆಂಡತಿ ಮಕ್ಕಳು ಕಾಲ ಹತ್ತಿರ ನಿಂತು ಮುಖ ಹುಡುಕ್ಬಾರ್ದು."

ಜೋಸ್ವಿನ್ ನಕ್ಕಿದ್ದ. "ಇನ್ನು ಚಾ ಕುಡಿಸುವ ಕಾಲ ಖಲಾಸ್, ದೇಜಪ್ಪಣ್ಣ. ಸಿಸ್ಟಮೇ ಬದಲಾಗ್ತದೆ. ಮೂರೇ ದಿನದಲ್ಲಿ ಬಾಡಿ ಊರಿಗೆ."

"ಆಗ್ಲಿ. ಹಾಗೆ ಆದ್ರೆ ಒಳ್ಳೆದೇ," ಎಂದು ದೇಜಪ್ಪ ಹೊರಟುಹೋದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜೋಸ್ವಿನ್‌ಗೆ ಈಗ ಎಷ್ಟೋ ಹಗುರವಾಗುತ್ತಿತ್ತು.

*

ಅಂತಿಮ ದರ್ಶನಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ಮಂಗಫ್‌ನಿಂದ ಎರಡು ಬಸ್ಸುಗಳಲ್ಲಿ ಜನ ಬಂದಿದ್ದರು. ಅನೇಕರು ನೇರ ಪಾಳಿಯಿಂದ, ಮೇಲಂಗಿಯನ್ನೂ ಕಳಚದೆ. ಒಂದು ಬಸ್ಸನ್ನು ಓಡಿಸಿದವನು ದೇಜಪ್ಪನ ಜಾಗಕ್ಕೆ ಬಂದ ಹೊಸ ಚಾಲಕ.

"ನನ್ನ ಭಾವನನ್ನು ಕಳಿಸಿದ್ದು ಇವರೇ," ಎಂದ ಒಬ್ಬ ಮುದುಕ. "ಏರ್‌ಪೋರ್ಟಿನಲ್ಲಿ ನನ್ನ ಪಕ್ಕ ಕೂತು ಒಂದು ಮಾತೂ ಆಡ್ಲಿಲ್ಲ. ಅದೇ ದೊಡ್ಡ ಉಪಕಾರ ಆಯ್ತು."

"ಬಸ್ಸು ಒಂದು ನಿಮಿಷ ತಡ ಮಾಡ್ತಿರ್ಲಿಲ್ಲ ಮಾರಾಯ. ನಾವು ಓಡಿ ಬರುದು ಕಂಡ್ರೂ ಹೊರಟೇ ಬಿಡುದು!" ಎಂದ ಇನ್ನೊಬ್ಬ. ನಗಬೇಕೆನಿಸಿ ಕೆಲವರು ನಕ್ಕರು.

ದೇಜಪ್ಪನಿಗೆ ತೊಡಿಸಿದ್ದ ಬಿಳಿ ಅಂಗಿ ಕುತ್ತಿಗೆಯ ಬಳಿ ಜೋಲುತ್ತಿತ್ತು. ಅವನ ಕಪಾಟಿನಲ್ಲಿ ಪ್ಯಾಕೆಟ್ಟು ಒಡೆಯದ ಹನ್ನೊಂದು ಅಂಗಿಗಳು ಸಿಕ್ಕಿದ್ದವು. ಸತ್ತವರು ಯಾರೂ ಆಸ್ಪತ್ರೆಯ ಬಟ್ಟೆಯಲ್ಲಿ ಊರಿಗೆ ಹೋಗಬಾರದೆಂದು ಅವನು ಕೂಡಿಟ್ಟವು. ಎಲ್ಲವೂ ದೊಡ್ಡ ಅಳತೆಯವು. ತನ್ನಂಥ ಸಣಕಲು ಮನುಷ್ಯನೂ ಸಾಯಬಹುದೆಂದು ಅವನಿಗೆ ತೋಚಿದ ಹಾಗಿರಲಿಲ್ಲ. ನರ್ಸು ವೈಲೆಟ್, ಹಳೆಯ ಸಮಿತಿಯವಳು, ಅಂಗಿಯನ್ನು ಹಿಂದಕ್ಕೆ ಮಡಚಿ ಪಿನ್ನು ಚುಚ್ಚಿ ಸರಿಮಾಡಿದಳು. ಜೋಸ್ವಿನ್‌ನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಶಾಹುಲ್‌ನ ಫೋನಿನ ಪರದೆಯಲ್ಲಿ ಗುಲಾಬಿಯಕ್ಕ ಬಂದಳು. ಶಾಹುಲ್ ಫೋನನ್ನು ದೇಹದ ಮೇಲೆ ಹಿಡಿದ. ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು.

"ತಲೆ ಬಾಚಿದ್ದು ಯಾರು?" ಎಂದು ಕೇಳಿದಳು. "ಬೈತಲೆ ಆಚೆ ಕಡೆ ಆಗ್ಬೇಕು."

ವೈಲೆಟ್ ಬೈತಲೆ ಬದಲಿಸಿದಳು.

"ಅಧ್ಯಕ್ಷರು ಇದ್ದಾರಾ ಅಲ್ಲಿ? ಜೋಸ್ವಿನ್? ನಿನ್ನ ವಿಷಯ ಹೇಳ್ತಿದ್ರು ಮಗಾ. ಬಾಯಿ ಜೋರು, ಮನಸ್ಸು ಒಳ್ಳೆದು ಅಂತ." ಅವಳು ಮೂಗೊರೆಸಿಕೊಂಡಳು. "ಒಂಬತ್ತು ದಿನ ಯಾಕಾಯ್ತು ಮಗಾ? ಇವರು ಎಲ್ಲರನ್ನೂ ಐದಾರು ದಿನದಲ್ಲಿ ಕಳಿಸ್ತಿದ್ರಲ್ಲ."

ಜನ ಜೋಸ್ವಿನ್‌ನನ್ನು ನೋಡಿದರು. ಹೇಳಬೇಕಾದದ್ದು ಚಿಕ್ಕದೇ ಇತ್ತು. ದೇಜಪ್ಪ ಸತ್ತ ದಿನ ಜೋಸ್ವಿನ್ ಮತ್ತು ಅವನ ಜತೆಯವರು ಮಂದೂಬ್‌ನ ಬಳಿ ಕೂತು ಮಾತಾಡಲಿಲ್ಲ. ಬಳಗದ ಹಳೆಯ ರೂಢಿಯಂತೆ ಹನ್ನೆರಡು ಜನ ಕಂಪೆನಿಯ ಕಚೇರಿಗೆ ನುಗ್ಗಿ, ಮೇಜು ಗುದ್ದಿ, ಮೂರು ದಿನದ ಗಡುವು ಕೊಟ್ಟು, ಅದನ್ನು ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕಿದರು. ಎಂಟುನೂರು ಜನ ಭೇಷ್ ಎಂದರು. ಮಂದೂಬ್ ಫೋನ್ ಆರಿಸಿ ರಜೆ ಹಾಕಿದ. ಅವನು ಮತ್ತೆ ಕೈಗೆ ಸಿಕ್ಕಿ ಸಹಿ ಹಾಕಲು ಒಂದು ವಾರ ಹಿಡಿಯಿತು.

"ಪೇಪರ್ ಅಕ್ಕ," ಎಂದ ಜೋಸ್ವಿನ್. "ಪೇಪರ್ ಸ್ವಲ್ಪ ತಡ ಆಯ್ತು."

ಮಾತು ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಅವನಿಗೇ ಕೇಳಿಸಿತು.

*

ವೈಲೆಟ್ ಅವನನ್ನು ಕಾರಿಡಾರಿನ ನೀರಿನ ಯಂತ್ರದ ಹತ್ತಿರ ಹಿಡಿದಳು.

"ದೇಜಪ್ಪ ಅವರೂ ಅಂದು ಮಹಾಸಭೆಯಲ್ಲಿ ಹಾಗೇ ಹೇಳಿದ್ದು. ಆದ್ರೆ ತನ್ನನ್ನು ಉಳಿಸ್ಲಿಕ್ಕೆ ಅಲ್ಲ."

"ಎಂತ ಆಂಟಿ?"

"ಲೋಕನಾಥ ಎಲ್ಲರೂ ಅಂದುಕೊಂಡ ಹಾಗೆ ಹಾರ್ಟಿಂದ ಸತ್ತದ್ದಲ್ಲ ಬಾಬಾ. ತಾನೇ ಜೀವ ಕಳಕೊಂಡದ್ದು. ಪೊಲೀಸ್ ತನಿಖೆ ಮುಗಿಯದೆ ಬಾಡಿ ಕೊಡುದಿಲ್ಲ. ತನಿಖೆಗೆ ಹಿಡಿದದ್ದೇ ಹದಿನಾರು ದಿನ. ಊರಿನವರಿಗೆ ಗೊತ್ತಾಗ್ಬಾರ್ದು ಅಂತ ಅವನ ತಾಯಿ ಫೋನಲ್ಲಿ ಕಾಲಿಗೆ ಬೀಳುದೊಂದು ಬಾಕಿ. ದೇಜಪ್ಪ ಮಾತು ಕೊಟ್ರು. ನನಗೆ ಗೊತ್ತಾದದ್ದು ರಿಪೋರ್ಟ್ ನಾನೇ ಓದಿ ಹೇಳಿದ್ದಕ್ಕೆ."

"ವೇದಿಕೆಯಲ್ಲಿ ಹೇಳ್ಬಹುದಿತ್ತಲ್ಲ..."

"ಹೇಳಿದ್ರೆ ನೀನು ಸೋಲ್ತಿದ್ದೆ. ಅವಳ ಮಗ ಇನ್ನೊಮ್ಮೆ ಸಾಯ್ತಿದ್ದ." ವೈಲೆಟ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಇದನ್ನು ನೀನೂ ಯಾರಿಗೂ ಹೇಳ್ಬಾರ್ದು. ನಿನಗೆ ಹೇಳಿದ್ದು ನಿನ್ನ ಭಾರ ಇಳಿಸ್ಲಿಕ್ಕೆ ಅಲ್ಲ."

ಜೋಸ್ವಿನ್ ಕಾಗದದ ಲೋಟದಲ್ಲಿ ನೀರು ಹಿಡಿದ. ತಾನು ಕೂತಿರುವ ಕುರ್ಚಿ ಒಬ್ಬ ತಾಯಿಯ ಗುಟ್ಟಿನ ಮೇಲೆ, ಒಬ್ಬ ಬಸ್ ಚಾಲಕನ ಮೌನದ ಮೇಲೆ ನಿಂತಿದೆ ಎಂದು ಅವನಿಗೆ ನಾಚಿಕೆಯಾಯಿತು. ಒಳಗೆ ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು ಶುರುವಾಗಿತ್ತು.

*

ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಜೋಸ್ವಿನ್ ಮತ್ತು ಶಾಹುಲ್ ಇಬ್ಬರೇ ಬಂದರು. ತೂಕ ಆಯಿತು, ಚೀಟಿ ಅಂಟಿಸಿದ್ದಾಯಿತು. ಗೋಣಿ ಸುತ್ತಿದ ಪೆಟ್ಟಿಗೆ, ಸರಕನ್ನು ಒಳಗೆ ಸಾಗಿಸುವ ಪಟ್ಟಿಯ ಬಾಯಿಯ ಹತ್ತಿರ ಕಾದಿತ್ತು. ಜೋಸ್ವಿನ್ ಫೋನ್ ತೆಗೆದ.

"ಗುಲಾಬಿಯಕ್ಕ, ನಾನು ಜೋಸ್ವಿನ್. ಆಗ ನಾನು ಹೇಳಿದ್ದು ಸುಳ್ಳು. ಪೇಪರಲ್ಲ. ತಪ್ಪು ನಮ್ಮದು. ನನ್ನದು. ಹೇಗೆ ಮಾಡ್ಬೇಕು ಅಂತ ಅವರು ಹೇಳಿಕೊಡ್ಲಿಕ್ಕೆ ಬಂದಿದ್ರು. ನಾನು ಕಲೀಲಿಲ್ಲ. ಹೋಗಿ ಕೂಗಾಡಿದೆ. ಅದಕ್ಕೆ ಒಂಬತ್ತು ದಿನ."

ಆಚೆ ಕಡೆ ಹೆಂಗಸರ ಮಾತು, ಯಾರೋ ಕುರ್ಚಿ ಎಳೆದ ಸದ್ದು.

"ಅಕ್ಕಾ?"

"ಕೇಳಿತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಕರ್ಚೀಫು ಕಟ್ಟಿದ್ದೀರಾ?"

ಜೋಸ್ವಿನ್ ಪೆಟ್ಟಿಗೆಯ ಕಡೆ ನೋಡಿದ.

"ತಲೆಯ ಕಡೆ ಕಟ್ಟುದು ಅಂತ ಯಾವಾಗ್ಲೂ ಹೇಳ್ತಿದ್ರು. ನಾನು ಎಲ್ಲಿ ನಿಲ್ಲುದು ಅಂತ ಗೊತ್ತಾಗ್ಬೇಕಲ್ಲ ಮಗಾ."

"ಕಟ್ತೇನೆ ಅಕ್ಕ."

ಜೇಬಿನಲ್ಲಿ ಕರ್ಚೀಫು ಇತ್ತು, ಬಿಳಿಯದೇ. ಮೊಳೆ ಹೊಡೆಯುವ ಹೊತ್ತಿನಲ್ಲಿ ತಾನು ನೀರಿನ ಯಂತ್ರದ ಬಳಿ ನಿಂತಿದ್ದೆನೆಂಬುದು ಅವನಿಗೆ ನೆನಪಾಯಿತು.

"ತಲೆ ಯಾವ ಕಡೆ ಶಾಹುಲ್?"

"ನಾನು ಫೈಲ್ ಹಿಡಕೊಂಡು ಕೌಂಟರಲ್ಲಿ ಇದ್ದೆ ಮಾರಾಯ. ನೀನು ನೋಡ್ಲಿಲ್ವಾ?"

ಜೋಸ್ವಿನ್ ಬಗ್ಗಿ ಪೆಟ್ಟಿಗೆಯ ಒಂದು ತುದಿಯನ್ನು ಬೆರಳಗಲ ಎತ್ತಿದ, ಇಳಿಸಿದ. ಇನ್ನೊಂದು ತುದಿಗೆ ಹೋಗಿ ಎತ್ತಿದ. ಭಾರ ಎರಡೂ ಕಡೆ ಒಂದೇ ಎನಿಸಿತು. ಮತ್ತೆ ಮೊದಲಿನ ಕಡೆಗೆ ಬಂದ. ಗೋಣಿಗೆ ಕಿವಿಗೊಟ್ಟವನಂತೆ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ.

"ಯಲ್ಲಾ, ಯಲ್ಲಾ," ಎಂದು ಸರಕಿನವನು ಗಡಿಯಾರ ತೋರಿಸಿದ.

ಜೋಸ್ವಿನ್ ಕರ್ಚೀಫನ್ನು ಹಲ್ಲಿನಿಂದ ಕಚ್ಚಿ ಎರಡಾಗಿ ಹರಿದ. ಒಂದು ತುಂಡನ್ನು ಈ ಕಡೆಯ ಹಿಡಿಕೆಗೆ ಕಟ್ಟಿದ, ಇನ್ನೊಂದನ್ನು ಆ ಕಡೆಯ ಹಿಡಿಕೆಗೆ. ಪಟ್ಟಿ ಚಲಿಸತೊಡಗಿತು. ಎರಡೂ ಕಡೆ ಬಿಳಿ ಬಟ್ಟೆ ಕಟ್ಟಿದ್ದ ಪೆಟ್ಟಿಗೆ ರಬ್ಬರಿನ ಪರದೆಯನ್ನು ದೂಡಿಕೊಂಡು ಒಳಗೆ ಹೋಯಿತು.