ಕಾಗದ ಹರಿದರೆ ಮೋಟಾರು ನಿಲ್ಲುವುದಿಲ್ಲ

ಮಂಗಳವಾರ ಬೆಳಿಗ್ಗೆ ಕಾರ್ಖಾನೆ ಪಕ್ಕದ ಬಡಗಿ ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಬಾಗಿಲಿಗೆ ಓಡಿಬಂದ. "ಅಣ್ಣಾ, ಬೇಗ ಬನ್ನಿ. ನಿಮ್ಮ ತಮ್ಮ..." ಎಂದವನೇ ನನ್ನ ಕೈಹಿಡಿದು ಎಳೆದ. ಕಾಗದದ ಸುರುಳಿ ಸುತ್ತುವ ನಮ್ಮ ಕಾರ್ಖಾನೆಯನ್ನು ನಾನು ಸೇರುವ ಹೊತ್ತಿಗೆ ತಮ್ಮನ ಉಸಿರು ನಿಂತಿತ್ತು. ಯಂತ್ರದಲ್ಲಿ ಸುತ್ತುತ್ತಿದ್ದ ಕಾಗದ ನಡುವೆ ಹರಿದಿತ್ತು. ಹರಿದೊಡನೆ ಮೋಟಾರು ಹುಚ್ಚೆದ್ದು ತಿರುಗಿ, ಕಾಗದದ ಸುರುಳಿ ಕಿತ್ತುಬಂದು ಅವನ ಎದೆಗೆ ಬಡಿದಿತ್ತು.

ತಿಂಗಳು ಕಳೆದ ಮೇಲೆ ತಮ್ಮನ ಮಗಳು, "ದೊಡ್ಡಪ್ಪ, ಇನ್ನು ಯಂತ್ರ ನಾನೇ ನಡೆಸ್ತೀನಿ" ಎಂದಳು. ಅವಳನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಮೊದಲು ಡ್ರೈವ್ ನೋಡಿಸೋಣವೆಂದು ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಹೆಂಗಸನ್ನು ಕರೆಸಿದೆ. ಡ್ರೈವ್ ಎಂದರೆ ಮೋಟಾರಿನ ವೇಗವನ್ನೂ ಟಾರ್ಕನ್ನೂ, ಅಂದರೆ ತಿರುಗಿಸುವ ಬಲವನ್ನೂ, ಹಿಡಿತದಲ್ಲಿಡುವ ಪೆಟ್ಟಿಗೆ.

ಹುಡುಗಿಯ ಸೋದರಮಾವನೇ ನಮ್ಮಲ್ಲಿ ಮೇಸ್ತ್ರಿ. ಅವನು ಮುಖ ಸಿಂಡರಿಸಿದ. "ನೋಡೋದೇನಮ್ಮ ಇದರಲ್ಲಿ? ಕಾಗದ ಬಿಗಿಯಾಗಿ ಬರ್ಲಿ ಅಂತ ಟಾರ್ಕ್ ಕಟ್ಟಿಹಾಕಿದೀವಿ. ಕಟ್ಟಿಹಾಕಿದ ಮೋಟಾರು ಓಡೋದುಂಟಾ? ಎಲ್ಲಾ ಹಣೆಬರಹ."

"ಹಣೆಬರಹ ತಿದ್ದೋಕೆ ನಂಗೆ ಬರಲ್ಲಣ್ಣ. ಈ ಪೆಟ್ಟಿಗೆ ತಿದ್ದೋಕೆ ಬರುತ್ತೆ. ತಗೊಳ್ಳಿ, ಈ ಹಗ್ಗ ಹಿಡಿದು ಎಳೀರಿ."

ಅವನು ಹಲ್ಲುಕಚ್ಚಿ ಎಳೆದ. ಇನ್ನೊಂದು ತುದಿ ಹಿಡಿದಿದ್ದ ಎಲೆಕ್ಟ್ರಿಷಿಯನ್ ತಟ್ಟನೆ ಕೈಬಿಟ್ಟಳು. ಮೇಸ್ತ್ರಿ ರದ್ದಿ ಕಾಗದದ ರಾಶಿಯ ಮೇಲೆ ಅಂಗಾತ ಬಿದ್ದ. ತಿಂಗಳಿನಿಂದ ನಗದ ಹುಡುಗಿ ಕಿಸಕ್ಕೆಂದಳು. "ಏನು ಮಾವ, ಕಟ್ಟಿಹಾಕಿದ್ರೂ ಓಡಿಬಿಟ್ಟೆ!"

"ನಿಮ್ಮ ಬಲ ಹೆಚ್ಚಲಿಲ್ಲ. ಎದುರಿಗಿದ್ದ ತಡೆ ಹೋಯ್ತು, ಅಷ್ಟೆ. ಕಾಗದ ಹರಿದಾಗ ಮೋಟಾರಿಗೂ ಹಂಗೇ. ಟಾರ್ಕ್ ಹಿಡಿದಿಟ್ರೆ ವೇಗ ಹಿಡಿದ ಹಾಗಾಗಲ್ಲ. ವೇಗಕ್ಕೆ ಬೇರೆ ಮಿತಿ ಇಡಬೇಕು." ಎಲೆಕ್ಟ್ರಿಷಿಯನ್ ಡ್ರೈವಿನ ಗುಂಡಿ ಒತ್ತಿ ಅಂಕಿ ನೋಡಿದಳು. "ಇಲ್ಲಿ ಮಿತಿನ ತುತ್ತತುದಿಗೆ ಏರಿಸಿದ್ದಾರಲ್ಲ, ಯಾರು?"

ಮೇಸ್ತ್ರಿ ತಲೆ ತಗ್ಗಿಸಿದ. "ನಾನೇ. ಕಾಗದ ಸುತ್ತೋ ಕೊಳವೆ ಬರಿದಾಗಿದ್ದಾಗ ಸಣ್ಣದು, ಜೋರಾಗಿ ತಿರುಗಬೇಕು. ಶುರುಮಾಡಿದಾಗ ವೇಗ ಸಾಲದೆ ಕಾಗದ ಸಡಿಲ ಆಗ್ತಿತ್ತು. ಒಂದೇ ಸಲ ಏರಿಸಿಬಿಡೋಣ ಅಂತ..."

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. "ತಿಳೀದೆ ಆಯ್ತಪ್ಪ. ಈಗ ತಿಳ್ಕೋ."

"ಬರೀ ಕೊಳವೆಗೆ ಬೇಕಾದ ವೇಗಕ್ಕಿಂತ ಒಂಚೂರು ಮೇಲಿಟ್ರೆ ಸಾಕಣ್ಣ" ಎಂದು ಅವಳು ಮಿತಿ ಇಳಿಸಿದಳು. ಯಂತ್ರಕ್ಕೆ ಜಾಲರಿ ಮುಚ್ಚಿ, ಎಲ್ಲರನ್ನೂ ದೂರ ನಿಲ್ಲಿಸಿ, ಕಾಗದವಿಲ್ಲದೆ ಬರೀ ಕೊಳವೆಯಿಟ್ಟು ಓಡಿಸಿದಳು. ವೇಗ ಏರಿತು, ಏರಿತು, ಮಿತಿ ಮುಟ್ಟಿತು. ಅದರಾಚೆ ಒಂದು ಸುತ್ತೂ ಹೋಗಲಿಲ್ಲ. ಆಮೇಲೆ, ಕಾಗದ ಹರಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚನ್ನೂ ಜೋಡಿಸಿದಳು.

"ಇನ್ನೊಂದು ಮಾತು. ಕರೆಂಟ್ ತೆಗೆದ ಕೂಡಲೇ ಡ್ರೈವಿನ ಮುಚ್ಚಳ ಬಿಚ್ಚಬೇಡಿ. ದೀಪ ಆರಿದ್ರೂ ಒಳಗೆ ಕೊಲ್ಲುವಷ್ಟು ಕರೆಂಟ್ ಉಳಿದಿರುತ್ತೆ. ಅದರ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿಟ್ಟು ನೋಡಿದ ಮೇಲೇ ಕೈ ಹಾಕಬೇಕು."

ಮೇಸ್ತ್ರಿ ಹುಡುಗಿಯ ಕಡೆ ತಿರುಗಿದ. "ಇನ್ಮೇಲೆ ಕೇಳದೆ ಆ ಅಂಕಿ ಮುಟ್ಟಿದವನ ಕೈ ಮುರೀತೀನಿ ಮಗಳೇ. ಅದು ನನ್ನ ಕೈಯಾದ್ರೂ ಸರಿಯೇ. ಹೋಗು, ಶುರುಮಾಡು."

ಅವಳು ಯಂತ್ರ ನಡೆಸಿದಳು. ನಾನು ನಿಶ್ಚಿಂತೆಯಿಂದ ನೋಡುತ್ತ ಕುಳಿತೆ.

ಇದನ್ನು ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮೋಟಾರನ್ನೂ ಟಾರ್ಕ್ ಹಿಡಿತದಲ್ಲಿ ಓಡಿಸುತ್ತಿದ್ದರೆ, ನಾಳೆ ಕೆಲಸಕ್ಕೆ ಕೈಹಚ್ಚುವ ಮೊದಲು ಅದರ ವೇಗದ ಮಿತಿಯನ್ನು ಬಲ್ಲವರಿಂದ ನೋಡಿಸಿ. ದೇವರು ಬುದ್ಧಿ ಕೊಟ್ಟಿದ್ದಾನೆ. ಅದನ್ನು ಬಳಸದೆ ತಪ್ಪನ್ನು ಅವನ ಮೇಲೆ ಹೊರಿಸುವುದು ಬೇಡ.

ಭಗವಂತಾ, ದುಡಿಯುತ್ತಲೇ ನಿನ್ನ ಬಳಿಗೆ ಬಂದ ನನ್ನ ತಮ್ಮನಿಗೆ ನಿನ್ನ ಪಾದದಡಿ ಶಾಂತಿಯನ್ನು ಕೊಡು.