ಚಪ್ಪಟೆಯಾದ ಪ್ರಶ್ನೆಪತ್ರಿಕೆ

ಕಣ್ಣು ಕಾಣದವರಿಗೆ ಓದು ಕಲಿಸುವ ಆ ಸಂಸ್ಥೆಯಲ್ಲಿ ಬೆರಳಪ್ಪನಿಗೆ ಇದ್ದದ್ದು ಒಂದೇ ಕೆಲಸ. ಯಂತ್ರದಿಂದ ಬಂದ ಬ್ರೈಲ್ ಹಾಳೆಯ ಉಬ್ಬು ಚುಕ್ಕಿಗಳ ಮೇಲೆ ಬೆರಳಾಡಿಸಿ ತಪ್ಪು ಹುಡುಕೋದು. ಅವನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಮೇಲ್ವಿಚಾರಕ ಸಾಹೇಬರಿಗೆ ಮಾತ್ರ ದೇವರ ದಯೆಯಿಂದ ಎರಡೂ ಕಣ್ಣು ಚೆನ್ನಾಗಿದ್ದವು. ಇಪ್ಪತ್ತು ವರ್ಷ ಅದೇ ಕುರ್ಚಿ ಸವೆಸಿದ್ದರೂ ಬ್ರೈಲಿನ ಒಂದಕ್ಷರ ಕಲಿತವರಲ್ಲ. ಅದೇನಿದ್ದರೂ ಕಾಣದವರ ಪಾಡು, ಇವರಿಗ್ಯಾಕೆ? ಇವರದೇನಿದ್ದರೂ ಅಚ್ಚುಕಟ್ಟು. ಪರದೆ ಸುಕ್ಕಾಗಬಾರದು, ಫೈಲು ಓರೆಯಾಗಬಾರದು. ಇಂಥವರ ಮೇಜಿಗೆ, ಅಲ್ಲೇ ಓದುತ್ತಿದ್ದ ಕಣ್ಣು ಕಾಣದ ಹುಡುಗಿ, ಟೈಲರೊಬ್ಬರ ಮಗಳು, ಬರೆಯಬೇಕಿದ್ದ ಇತಿಹಾಸ ಪರೀಕ್ಷೆಯ ಬ್ರೈಲ್ ಪ್ರಶ್ನೆಪತ್ರಿಕೆ ಬಂತು. ಬೆರಳಪ್ಪ ಮೂರು ದಿನ ಕೂತು ತಿದ್ದಿ ಕಳಿಸಿದ್ದು. ಹಾಳೆಗಳು ಉಬ್ಬಿಕೊಂಡಿವೆ, ಲಕೋಟೆಯಲ್ಲಿ ಕೂರಲೊಲ್ಲವು. ಸಾಹೇಬರು ಮುಖ ಸಿಂಡರಿಸಿ, ರಟ್ಟು ಕಟ್ಟುವ ವಿಭಾಗದ ಪ್ರೆಸ್ಸಿನಲ್ಲಿ ಎರಡು ದಿನ ಅದುಮಿಡಿಸಿದರು. ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೀಟಾಗಿ ಹೊರಬಂದವು. ಸಾಹೇಬರ ಜೀವ ತಣ್ಣಗಾಯಿತು.

ಆ ಹುಡುಗಿಗೆ ಉಳಿದಿದ್ದು ಅದೊಂದೇ ವಿಷಯ. ಪಾಸಾದರೆ ಶಿಕ್ಷಕರ ತರಬೇತಿಗೆ ಸೀಟು. ತಿಂಗಳ ಕೊನೆಯೊಳಗೆ ಫಲಿತಾಂಶ ತೋರಿಸದಿದ್ದರೆ ಸೀಟು ಬೇರೆಯವರ ಪಾಲು. ಪರೀಕ್ಷೆಯ ದಿನ ಲಕೋಟೆ ಒಡೆದು ಬೆರಳಿಟ್ಟಳು. ಗಾರೆಯ ಗೋಡೆ ಸವರಿದ ಹಾಗಾಯಿತು. ಎಲ್ಲ ಹಾಳೆಯನ್ನೂ ಹಿಂದೆ ಮುಂದೆ ತಡವಿ, ಇದರಲ್ಲಿ ಏನೂ ಇಲ್ಲ ಅಂದಳು. ಕೊಠಡಿ ಕಾಯುತ್ತಿದ್ದ ಮೇಡಂ ಬಗ್ಗಿ ನೋಡಿ, ಎಷ್ಟು ಚೊಕ್ಕವಾಗಿದೆಯಲ್ಲಮ್ಮ, ಒಂದು ಕಲೆಯೂ ಇಲ್ಲ ಅಂತ ಧೈರ್ಯ ಹೇಳಿದರು.

ಸಾಹೇಬರು ಬಂದರು. ಅಚ್ಚಾದ ಪ್ರತಿಯನ್ನು ಯಾರಾದರೂ ಓದಿ ಹೇಳಬಹುದಲ್ಲ ಅಂತ ಹುಡುಗಿ ಬೇಡಿಕೊಂಡಳು. ಅರ್ಜಿಯಲ್ಲಿ ಬ್ರೈಲ್ ಬೇಕು ಅಂತ ಬರೆದಿದ್ದೀಯ, ಓದಿ ಹೇಳುವವರು ಬೇಕು ಅಂತ ಬರೆದಿಲ್ಲ, ನಿಯಮ ಅಂದಮೇಲೆ ನಿಯಮ ಎಂದರು. ಪತ್ರಿಕೆ ಸರಿಯಿದೆ ಅಂತ ಸಾಕ್ಷಿ ಹೇಳಲಿ ಎಂದು ಬೆರಳಪ್ಪನನ್ನು ಕರೆಸಿದರು. ಅವನು ಒಂದು ಸಲ ಕೈಯಾಡಿಸಿದ, ಒಂದು ಚುಕ್ಕಿಯೂ ಉಳಿದಿರಲಿಲ್ಲ. ಒಂದೊಂದೇ ಚುಕ್ಕಿ ನೋಡಿದ್ದ ಹಾಳೆ, ಪ್ರಶ್ನೆಗಳೆಲ್ಲ ಬಾಯಿಪಾಠ. ಗೋಡೆಗೆ ಒರಗಿ ಒಂದನೇ ಪ್ರಶ್ನೆಯಿಂದ ಶುರು ಮಾಡಿದವನು ಇಪ್ಪತ್ತನೆಯದು ಹೇಳಿಯೇ ಬಾಯಿ ಮುಚ್ಚಿದ. ಹುಡುಗಿ ಬ್ರೈಲ್ ಹಲಗೆಯ ಮೇಲೆ ಟಕಟಕ ಚುಚ್ಚಿಕೊಂಡಳು. ಸಾಹೇಬರು ತಡೆಯೋಕೆ ಯಾವ ನಿಯಮ ಹೇಳಬೇಕು ಅಂತ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆದರೆ ಸೇಡು ತೀರಿಸೋಕೆ ನಿಯಮಗಳಿಗೇನು ಬರ. ಓದೋಕೆ ಬರುವಂಥ ಪತ್ರಿಕೆ ಕೈಯಲ್ಲಿದ್ದೂ ಹುಡುಗಿಗೆ ಪ್ರಶ್ನೆ ಹೇಳಿಕೊಟ್ಟಿದ್ದಾರೆ ಎಂದು ಪರೀಕ್ಷಾ ಮಂಡಳಿಗೆ ದೂರು ಹೋಯಿತು, ಅವಳ ಫಲಿತಾಂಶ ತಡೆಯಲಾಯಿತು. ಬೆರಳಪ್ಪನ ವಜಾ ಆದೇಶವೂ ಟೈಪಾಯಿತು. ನನಗೆ ಓದೋಕೆ ಬರೋ ಹಾಗೆ ಕೊಡಿ ಸ್ವಾಮಿ ಅಂದ. ಬ್ರೈಲಿನಲ್ಲಿ ತೆಗೆದರು. ಆಮೇಲೆ ತಾನೇ ನೆನಪಾದದ್ದು, ‘ತಪ್ಪಿಲ್ಲ’ ಅಂತ ತಿದ್ದುವವನ ರುಜು ಬೀಳದೆ ಒಂದೂ ಬ್ರೈಲ್ ಕಾಗದ ಜಾರಿಯಾಗುವಂತಿಲ್ಲ! ಸುತ್ತೋಲೆ ಹೊರಡಿಸಿದ್ದು ಸಾಹೇಬರೇ. ತಿದ್ದುವವನು ಇಡೀ ಸಂಸ್ಥೆಗೆ ಒಬ್ಬನೇ. ಹೀಗೆ ಅವನನ್ನು ಮನೆಗೆ ಕಳಿಸುವ ಪತ್ರ ಅವನ ಮೇಜಿಗೇ ಬಂತು.

‘ಓದಲು ಯೋಗ್ಯವಾಗಿದ್ದ ಪ್ರಶ್ನೆಪತ್ರಿಕೆಯನ್ನು ಬಾಯಲ್ಲಿ ಹೇಳಿದ್ದರಿಂದ’ ಎನ್ನುವಲ್ಲಿ ಬೆರಳು ನಿಂತಿತು. ತಪ್ಪಿದೆ ಅಂತ ವಾಪಸು ಕಳಿಸಿದ. ಮಾರನೆಯ ದಿನ ಅದೇ ಸಾಲು ಬಂತು, ಅದೂ ವಾಪಸು. ಐದು ದಿನ ಇದೇ ಆಟ. ತಿಂಗಳು ಮುಗಿಯೋಕೆ ಮೂರು ದಿನ ಇದ್ದಾಗ ಟೈಪಿಸ್ಟ್ ಸೋತು ಕೂತ.

“ಏನು ಬರೀಬೇಕು ಅಂತ ನೀನೇ ಹೇಳಿಬಿಡಣ್ಣ.”

“ಸಾಹೇಬರ ಅಪ್ಪಣೆಯಂತೆ ಪ್ರೆಸ್ಸಲ್ಲಿ ಅದುಮಿ ಓದೋಕಾಗದ ಹಾಗೆ ಆಗಿದ್ದ ಪತ್ರಿಕೆ ಅಂತ ಬರಿ. ನಡೆದದ್ದು ಅದೇ ತಾನೇ?”

ಸಾಹೇಬರಿಗೂ ಸಾಕುಸಾಕಾಗಿತ್ತು. ಪೀಡೆ ತೊಲಗಿದರೆ ಸಾಕು ಎಂದು ಅಚ್ಚಿನ ಪ್ರತಿಗೆ ಓದದೆಯೇ ಸಹಿ ಗೀಚಿದರು, ಕಣ್ಣಿದ್ದವರ ಸೌಭಾಗ್ಯ! ಬೆರಳಪ್ಪ ಮೊದಲಿಂದ ಕೊನೆತನಕ ಎರಡು ಸಲ ಓದಿದ. ‘ತಪ್ಪಿಲ್ಲ’ ಅಂತ ರುಜು ಹಾಕಿದ. ಸಾಹೇಬರ ಸಹಿ ಇದ್ದ ಅಚ್ಚಿನ ಪ್ರತಿಯನ್ನು ಟೈಪಿಸ್ಟ್ ಕೈಯಲ್ಲಿ ಅವತ್ತೇ ಪರೀಕ್ಷಾ ಮಂಡಳಿಗೆ ಮುಟ್ಟಿಸಿದ. ದೂರು ಕೊಟ್ಟವರೇ ತಪ್ಪೊಪ್ಪಿಕೊಂಡಮೇಲೆ ಮಂಡಳಿಗೆ ಫಲಿತಾಂಶ ಬಿಡದೆ ದಾರಿಯಿರಲಿಲ್ಲ. ತಿಂಗಳ ಕೊನೆಯ ದಿನ ಹುಡುಗಿ ಪಾಸಾದ ಸುದ್ದಿ ಬಂತು.

ಮನೆಯಲ್ಲಿ ಕೂತಿದ್ದ ಗಂಡನನ್ನು ನೋಡಿ ಹೆಂಡತಿಗೆ ಸಂಕಟ ತಡೆಯಲಿಲ್ಲ.

“ಅಲ್ಲರೀ, ದಿನಾ ಒಂದು ತಪ್ಪು ಹುಡುಕಿ ವಾಪಸು ಕಳಿಸ್ತಾ ಇದ್ದಿದ್ರೆ ರಿಟೈರ್ ಆಗೋ ತನಕ ನಿಮ್ಮ ಕೆಲಸ ಇರ್ತಿತ್ತಲ್ಲ?”

“ಇರ್ತಿತ್ತು,” ಅಂದ ಬೆರಳಪ್ಪ. “ಆ ಹುಡುಗಿ ಫಲಿತಾಂಶವೂ ಅಲ್ಲೇ ಇರ್ತಿತ್ತು.”