ಕೈತೂಕ

ಚಿಕ್ಕಹನುಮಯ್ಯನ ಬಲಗೈಯೇ ಒಂದು ತಕ್ಕಡಿ. ಯಲಹಂಕ ಹಳೇಪೇಟೆಯ ಪಾತ್ರೆ ಅಂಗಡಿಯಲ್ಲಿ ತಲೆ ನರೆಯುವ ತನಕ ದುಡಿದವನು. ತಾಮ್ರದ ಹಂಡೆಯೋ ಹಿತ್ತಾಳೆಯ ಬಿಂದಿಗೆಯೋ, ಅಂಗೈಯಲ್ಲಿಟ್ಟು ಒಂದೆರಡು ಸಲ ತೂಗಿ ನೋಡಿದನೆಂದರೆ ತೂಕ ತಾನಾಗಿ ಬಾಯಿಗೆ ಬರುತ್ತಿತ್ತು. ಮಗಳಿಗೆ ಬಳುವಳಿ ಕೊಡಲು ಪಾತ್ರೆ ಕೊಳ್ಳುವ ಹೆಂಗಸರು ಅಂಗಡಿಯ ತಕ್ಕಡಿಯನ್ನು ಬಿಟ್ಟು ಅವನ ಕೈಯನ್ನೇ ನಂಬುತ್ತಿದ್ದರು. ಅತ್ತೆಯಾದವಳು ಪಾತ್ರೆಯ ಹೊಳಪು ನೋಡುವುದಿಲ್ಲ, ಎತ್ತಿ ನೋಡುತ್ತಾಳೆ. ಪಾತ್ರೆ ಹಗುರವೆಂದರೆ ಹುಡುಗಿಯೂ ಹಗುರ, ಹುಡುಗಿಯ ತವರೂ ಹಗುರ. ಆ ಅಂಗಡಿ ಮುಚ್ಚಿತು. ಅವನು ತಣಿಸಂದ್ರದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಂತ. ಕೈಯ ತಕ್ಕಡಿ ಮಾತ್ರ ಕೈಯಲ್ಲೇ ಉಳಿಯಿತು.

ಅವನ ಒಬ್ಬಳೇ ಮಗಳು ಮಧುಶ್ರೀಗೆ ಬಳುವಳಿ ಕೊಡುವ ದಿನ ಬರಲಿಲ್ಲ. ಗಂಡಿನ ಕಡೆಯವರು ವಿಚಾರಿಸಿಕೊಂಡು ಬರುವ ವಯಸ್ಸಿಗೆ ಸರಿಯಾಗಿ ಅವಳ ಎರಡೂ ಕಿಡ್ನಿ ಸೋತವು. ಅಂದಿನಿಂದ ವಾರಕ್ಕೆ ಮೂರು ದಿನ ಯಲಹಂಕದ ಡಯಾಲಿಸಿಸ್ ಸೆಂಟರಿನ ಮಂಚವೇ ಗತಿ. ಎಡಗೈಗೆ ಎರಡು ಸೂಜಿ. ಪಕ್ಕದಲ್ಲಿ ಯಂತ್ರ, ಕತೆಯೊಳಗಿನ ನೂಲುವ ಮುದುಕಿಯ ಹಾಗೆ, ಅವಳ ಮೈಯಿಂದ ಕೆಂಪು ನೂಲನ್ನು ಎಳೆದೆಳೆದು ತೊಳೆದು ತಿರುಗಿ ಮೈಗೇ ಸುತ್ತುತ್ತಿತ್ತು. ಕತೆಯ ಮುದುಕಿ ನೂಲು ಮುಗಿದ ಮೇಲೆ ವರ ಕೊಡುತ್ತಾಳೆ. ಈ ಮುದುಕಿಯ ನೂಲು ಮುಗಿಯುವಂಥದ್ದಲ್ಲ.

ಎಡಗೈಯಲ್ಲಿ ಭಾರ ಎತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ. ಮುಗಿಸಿ ಎದ್ದಾಗ ಬಲಗೈಗೆ ನೀರಿನ ಬಾಟಲಿಯೂ ಕಲ್ಲಾಗುತ್ತಿತ್ತು. ಅಪ್ಪನಿಗೆ ಡ್ಯೂಟಿ, ತಾಯಿ ಇಲ್ಲ. ಯಲಹಂಕದ ಬಳಿಯ ಸಿಂಗಾಪುರ ಬಡಾವಣೆಯ ಮನೆಯಿಂದ ಬಸ್ಸಿನಲ್ಲಿ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು.

ಅವಳ ಹೆಸರಿಗೆ ಅಂತ ಉಳಿದಿದ್ದದ್ದು ಒಂದು ಕೆಲಸ. ಮನೆಮನೆಗೆ ದಿನಸಿ ತಲುಪಿಸುವ ಕಂಪನಿಗೆ ಜನ ಕನ್ನಡದಲ್ಲಿ ಬರೆದು ಕಳಿಸುವ ದೂರುಗಳಿಗೆ ಕನ್ನಡದಲ್ಲೇ ಉತ್ತರ ಬರೆಯುವುದು. ಕೊಳೆತ ಟೊಮೊಟೊ, ಒಡೆದ ಮೊಟ್ಟೆ, ಬಾರದ ಮೊಸರು. ಬೆಳಿಗ್ಗೆ ಡಯಾಲಿಸಿಸ್, ಮಧ್ಯಾಹ್ನದ ಮೇಲೆ ಮನೆಯ ಹಳೇ ಕಂಪ್ಯೂಟರಿನ ಮುಂದೆ ಕೆಲಸ. ಅವಳ ಮಾತ್ರೆ, ಇಂಜೆಕ್ಷನ್ನು ಎಲ್ಲ ಅದರಿಂದಲೇ ನಡೆಯುತ್ತಿದ್ದವು.

ಹೀಗಿರುವಾಗ ಸೆಂಟರಿನವರು ಅವಳ ಸರದಿಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಯಿಸಿದರು. ಮಧುಶ್ರೀ ಕಂಪನಿಯ ಮೇಲ್ವಿಚಾರಕ ನರೇಂದ್ರನಿಗೆ ಫೋನು ಮಾಡಿದಳು.

"ಸರ್, ನನ್ ಶಿಫ್ಟ್ ಬೆಳಿಗ್ಗೆಗೆ ಹಾಕ್ಕೊಡೋಕಾಗುತ್ತಾ?"

"ಬೆಳಿಗ್ಗೆದೆಲ್ಲ ಫುಲ್ ಆಗಿದೆ ಮಧುಶ್ರೀ. ನೋಡಿ, ನಾನೂ ಮೇಲಿನವ್ರಿಗೆ ಉತ್ತರ ಕೊಡ್ಬೇಕು. ಮಲ್ಕೊಂಡೇ ಮಾಡಿ, ಕೂತ್ಕೊಂಡೇ ಮಾಡಿ, ಲಾಗಿನ್ ಮಾತ್ರ ಇರ್ಬೇಕು. ಮಂಗಳವಾರ ಒಂದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಬೇಕಾಗುತ್ತೆ, ನನ್ನ ಬೈಕೋಬೇಡಿ."

ಉತ್ತರ ಬರೆಯುವ ಕಂಪನಿಯ ಪುಟ ಫೋನಿನಲ್ಲಿ ತೆರೆಯುತ್ತಿರಲಿಲ್ಲ, ಮನೆಯ ಕಂಪ್ಯೂಟರನ್ನು ಸೆಂಟರಿನ ಮಂಚಕ್ಕೆ ಒಯ್ಯುವಂತಿರಲಿಲ್ಲ. ಹಾಗಾಗಿ ಸೋಮವಾರ ಅಪ್ಪ ಮಗಳು ಆರ್.ಟಿ. ನಗರಕ್ಕೆ ಹೋದರು. ಅಲ್ಲಿ ಮೆಹಬೂಬ್ ಪಾಷಾ ಹಳೇ ಲ್ಯಾಪ್‌ಟಾಪುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ. ಹೊಸದರ ಮಾತು ಅವರ ಮನೆಯಲ್ಲಿ ಎದ್ದೇ ಇರಲಿಲ್ಲ.

ಮಧುಶ್ರೀ ಕೊಳ್ಳುವ ಬಗೆ ಕಂಡು ಪಾಷಾನಿಗೂ ಸೋಜಿಗ. ಅವಳು ಸ್ಟೂಲಿನ ಮೇಲೆ ಕುಳಿತು, ಎಡಗೈಯನ್ನು ಕಟ್ಟಿಹಾಕಿದವಳ ಹಾಗೆ ಚಾಚಿಟ್ಟು, ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಬಲಗೈಯ ಬೆರಳಿನಿಂದ ಮುಚ್ಚಳ ಎತ್ತುತ್ತಿದ್ದಳು. ಕೆಲವು ತೆರೆಯದೆ ಬುಡಸಮೇತ ಮೇಲೆದ್ದವು, ಕೆಲವು ಜಾರಿದವು. ಕೊನೆಗೆ ಸಿಕ್ಕಿತು ಒಂದು: ಬೂದು ಬಣ್ಣದ್ದು, ಪುಟ್ಟದು, ಬಿಸಿಲಿಗೆ ಒಣಗಿದ ಎಲೆಯಷ್ಟು ಹಗುರ. ಒಂದೇ ಬೆರಳಿಗೆ ಮುಚ್ಚಳ ತೆರೆದುಕೊಂಡಿತು. ಬೆಲೆಯೂ ಕೈಗೆ ಎಟುಕುವಂಥದ್ದು.

ಚಿಕ್ಕಹನುಮಯ್ಯ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಮುಖ ಸಣ್ಣದಾಯಿತು.

"ಇದೇನ್ ಸಾಬ್ರೇ, ಅಪ್ಳ ಇದ್ದಂಗೈತೆ? ಒಳಗಡೆ ಏನಾದ್ರೂ ಐತೋ ಇಲ್ವೋ?"

"ಅಂಕಲ್, ಇದು ಬಿಂದಿಗೆ ಅಲ್ಲ. ಹಗುರ ಇದ್ದಷ್ಟೂ ಜನ ಜಾಸ್ತಿ ಕಾಸು ಕೊಡ್ತಾರೆ ಇದ್ರಲ್ಲಿ."

"ಕೊಡ್ತಾರೆ ಕೊಡ್ತಾರೆ. ಗಾಳಿಗೂ ಕಾಸು ಕೊಡೋ ಜನ ಐತೆ ಈ ಊರಲ್ಲಿ."

"ಅಪ್ಪಾ," ಎಂದಳು ಮಧುಶ್ರೀ, "ನಂಗೆ ಇದೇ ಬೇಕು. ಸುಮ್ನಿರು."

ಬ್ಯಾಟರಿ ಸೋತಿದೆ, ಹೊಸದು ಹಾಕಿಡುತ್ತೇನೆ, ನಾಳೆ ಮಧ್ಯಾಹ್ನ ಬನ್ನಿ ಎಂದ ಪಾಷಾ. ನಾಳೆ ಅಂದರೆ ಮಂಗಳವಾರ, ಅವಳು ಮಂಚದ ಮೇಲಿರುವ ದಿನ. ಅಪ್ಪ ಅರ್ಧ ದಿನ ರಜೆ ಹಾಕಿ, ಅಂಗಡಿಯಿಂದ ನೇರವಾಗಿ ಸೆಂಟರಿಗೆ ತಂದುಕೊಡುವುದೆಂದು ತೀರ್ಮಾನವಾಯಿತು.

ಮಂಗಳವಾರ ಸೂಜಿ ಚುಚ್ಚಿಸಿಕೊಂಡು ಮಲಗಿದವಳ ಕಣ್ಣು ಬಾಗಿಲಲ್ಲೇ ಇತ್ತು. ಚಿಕ್ಕಹನುಮಯ್ಯ ಬಂದ. ಹೆಗಲಲ್ಲಿ ದೊಡ್ಡದೊಂದು ಕಪ್ಪು ಬ್ಯಾಗು. ಆ ಪುಟ್ಟದಕ್ಕೆ ಅಷ್ಟು ದೊಡ್ಡ ಬ್ಯಾಗು ಬೇಕಿರಲಿಲ್ಲ.

"ಕಣ್ಬಿಟ್ಟು ನೋಡು ಮಗಾ," ಎಂದು ಅವನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಊಟದ ತಟ್ಟೆ ಇಡುವ ಅಡ್ಡಣಿಗೆಯಷ್ಟು ಅಗಲದ, ದಪ್ಪನೆಯ, ಕಪ್ಪು ಲ್ಯಾಪ್‌ಟಾಪು. "ಅದೇ ರೇಟು ಕಣಮ್ಮ! ಪಾಷಾ ಊಟಕ್ಕೋಗಿದ್ದ, ಅವನ ಹೆಂಡ್ತಿ ರುಖ್ಸಾರಮ್ಮ ಇದ್ಲು. ಅದ್ರ ಬದ್ಲಿ ಇದು ಕೊಡವ್ವಾ ಅಂದೆ, ತಗೊಳಿ ಅಂದ್ಲು. ಕೈಗೆ ತಗೊಂಡು ನೋಡ್ದೆ. ಅದ್ರ ಎರಡರಷ್ಟು ತೂಕ ಐತೆ! ಮೋಸ ಓಗ್ತಿದ್ವಿ ನಾವು."

"ಅಪ್ಪಾ... ನಾನು ಹಗುರದ್ದು ಅಂತ ಅಲ್ವಾ ಹೇಳಿದ್ದು?"

"ಏಳ್ದೆ, ಏಳ್ದೆ. ನೀನು ಅಂಗೇನೆ, ಯಾವತ್ತೂ ಅಪ್ಪನ ಕೈಯಾಗೆ ಆಗ್ದು ಅಂತ ಕಮ್ಮೀದೇ ಕೇಳೋಳು." ಅವನ ದನಿ ತಗ್ಗಿತು. "ನಿಂಗೆ ಅಂತ ಒಂದು ಬಿಂದಿಗೆ ಕೊಡ್ಲಿಲ್ಲ ನಾನು. ಕೊಡೋದು ಒಂದಾದ್ರೂ ಕೈಗೆ ತೂಕ ಬರೋ ಅಂಗಿರ್ಲಿ ಅಂತ."

ಅವಳು ಬಲಗೈಯಿಂದ ದಿಂಬಿನ ಬಳಿ ತಡಕಿದಳು. ಫೋನು ತೆಗೆದು ಪಾಷಾನಿಗೆ ಮಾಡಿದಳು.

"ಅಯ್ಯೋ ಮೇಡಂ," ಎಂದ ಪಾಷಾ, "ಅಂಕಲ್ ಬೇಡ ಅಂತ ಇಟ್ಟಿದ್ದೇ ತಡ, ಪಕ್ಕದಲ್ಲಿದ್ದ ಹೆಬ್ಬಾಳದ ಕಾಲೇಜು ಹುಡುಗಿ ಎತ್ಕೊಂಡು ಹೋದ್ಲಂತೆ. ಬೇರೆ ಬೇಕಾದ್ರೆ ಬದ್ಲಾಯಿಸಿ ಕೊಡ್ತೀನಿ, ಆದ್ರೆ ಆ ರೇಟಿಗೆ ಅಷ್ಟು ಚಿಕ್ಕದು ಒಂದೇ ಇದ್ದಿದ್ದು. ಮತ್ತೆ ಯಾವಾಗ ಬರುತ್ತೋ, ಸುಳ್ಳು ಹೇಳಲ್ಲ."

ನರೇಂದ್ರನಿಗೆ ಒಪ್ಪಿಕೊಂಡಿದ್ದ ಅವಳ ಪಾಳಿ ಶುರುವಾಗುವ ಹೊತ್ತಾಗಿತ್ತು. ನರ್ಸು ಜ್ಯೋತಿಲಕ್ಷ್ಮಿ ಊಟ ಕೊಡುವ ಚಕ್ರದ ಮೇಜನ್ನು ತಳ್ಳಿಕೊಂಡು ಬಂದಳು. ಲ್ಯಾಪ್‌ಟಾಪಿನ ಅರ್ಧ ಮೇಜಿನ ಆಚೆ ನಿಂತು, ಮುಚ್ಚಳ ತೆರೆದ ಕೂಡಲೇ ಮೇಜು ವಾಲಿತು. ತೊಡೆಯ ಮೇಲಿಟ್ಟರೆ ಮಧುಶ್ರೀ ಆ ಭಾರಕ್ಕೆ ಹೊರಳಿದಳು, ಎಡಗೈಯ ಸೂಜಿ ಜಗ್ಗಿತು, ಯಂತ್ರ ಕಿರುಚಿಕೊಂಡಿತು. ಜ್ಯೋತಿಲಕ್ಷ್ಮಿ ಓಡಿಬಂದಳು.

"ಏನ್ರೀ ಯಜಮಾನ್ರೇ, ರುಬ್ಬೋ ಕಲ್ಲು ತಂದಿದೀರಲ್ಲ! ತೆಗೀರಿ ಮೊದ್ಲು. ಕೈ ಊದ್ಕೊಂಡ್ರೆ ಯಾರು ನೋಡೋದು?"

ಚಿಕ್ಕಹನುಮಯ್ಯನ ಮುಖದ ಮೇಲಿನ ಗೆಲುವು ಕರಗಿತು. ಆದರೆ ಅವನು ಕೈಚೆಲ್ಲುವ ಪೈಕಿಯಲ್ಲ. ಸ್ಟೂಲನ್ನು ಎಳೆದುಕೊಂಡು ಮಗಳ ಎದುರಿಗೆ ಕುಳಿತ. ಎರಡೂ ಕೈಗಳನ್ನು ಅವಳ ತೊಡೆಯ ಮೇಲಕ್ಕೆ ಚಾಚಿ, ಲ್ಯಾಪ್‌ಟಾಪನ್ನು ಅಂಗೈಗಳ ಮೇಲೆ ಹೊತ್ತು, ಪರದೆಯನ್ನು ಅವಳ ಕಡೆಗೆ ತಿರುಗಿಸಿಕೊಂಡ.

"ಬರಿ ಮಗಾ. ನಾನ್ ಇಡ್ಕೊಂತೀನಿ."

ಅವಳು ಲಾಗಿನ್ ಆದಳು. ಬಲಗೈಯಿಂದ ಒಂದೊಂದೇ ಅಕ್ಷರ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ಮೊಸರು ನಾಳೆ ಬೆಳಿಗ್ಗೆ ತಲುಪಲಿದೆ. ಪರದೆಯಾಚೆಗೆ ಅಪ್ಪನ ಹಣೆ, ಹುಬ್ಬು, ಕಣ್ಣು ಮಾತ್ರ ಕಾಣುತ್ತಿದ್ದವು. ಹಣೆಯ ಮೇಲೆ ಬೆವರು ಕೂಡುತ್ತಿತ್ತು.

"ಸಾಕು, ಸ್ವಲ್ಪ ಇಳಿಸಪ್ಪಾ."

"ಅಂಡೆ ಎತ್ತಿದ ಕೈ ಇದು. ನೀನ್ ಬರಿ."

ಹೊಸ ಬ್ಯಾಟರಿ ಆ ಬೂದು ಬಣ್ಣದ್ದರ ಜೊತೆಗೆ ಹೋಗಿತ್ತು. ಇದರದ್ದು ಹಳೆಯದು. ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮೂಡಿತು. ಪ್ಲಗ್ಗಿಗೆ ಜಾಗವಿದ್ದದ್ದು ಯಂತ್ರದ ಪಕ್ಕದಲ್ಲಿ. ಅಲ್ಲಿ ಬೇರೇನನ್ನೂ ಸಿಕ್ಕಿಸುವಂತಿಲ್ಲವೆಂದು ಗೋಡೆಯ ಮೇಲೇ ಬರೆದಿತ್ತು. ಮಧುಶ್ರೀ ಬೇಗ ಬೇಗ ಬೆರಳಾಡಿಸಿದಳು, ವಾಕ್ಯವೊಂದರ ನಡುವಿನಲ್ಲಿ ಪರದೆ ಕಪ್ಪಾಯಿತು. ಆ ಕಪ್ಪಿನೊಳಗೆ ಅವಳ ಮುಖವೇ ಕಂಡಿತು.

ಚಿಕ್ಕಹನುಮಯ್ಯನಿಗೆ ಕಾಣುತ್ತಿದ್ದದ್ದು ಮುಚ್ಚಳದ ಬೆನ್ನು. ಅವನು ಉಸಿರು ಬಿಗಿಹಿಡಿದು, ಮೊಣಕೈಗಳನ್ನು ಮಂಚದ ಅಂಚಿಗೆ ಊರಿ, ಹಾಗೇ ಹೊತ್ತುಕೊಂಡಿದ್ದ. ದಿಂಬಿನ ಬಳಿಯ ಫೋನು ಒಮ್ಮೆ ಮಿಣುಕಿತು. ನರೇಂದ್ರನ ಸಂದೇಶ. ಸಾರಿ ಮಧುಶ್ರೀ, ನಾಳೆಯಿಂದ ಬೇರೆಯವರನ್ನು ಹಾಕುತ್ತಿದ್ದೇವೆ, ಆರೋಗ್ಯ ನೋಡಿಕೊಳ್ಳಿ.

"ಕೆಲ್ಸದ್ದಾ?" ಎಂದ ಅಪ್ಪ.

"ಹೂಂ."

"ಏನಂತೆ?"

"ಚೆನ್ನಾಗ್ ಮಾಡ್ತಿದೀಯ ಅಂತೆ."

ಅವನ ಕಣ್ಣು ಅರಳಿತು. ಅವಳು ಸತ್ತ ಕೀಲಿಗಳ ಮೇಲೆ ಬೆರಳನ್ನು ಇನ್ನಷ್ಟು ಹೊತ್ತು ಆಡಿಸಿದಳು, ಟಕ್ಕು ಟಕ್ಕೆಂದು ಅವನಿಗೆ ಕೇಳಲಿ ಎಂದು. ಆಮೇಲೆ ಅವನ ಕೈ ನೋಡಲಾರದೆ, "ಇವತ್ತಿಂದು ಮುಗೀತು ಅಪ್ಪಾ, ಇಳಿಸು" ಎಂದಳು.

ಅವನು ಅದನ್ನು ಮಂಚದ ಕಾಲಬಳಿ ಮೆಲ್ಲಗೆ ಇಟ್ಟು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ.

"ನೋಡ್ದಾ, ಏನೂ ಕಷ್ಟ ಆಗ್ಲಿಲ್ಲ," ಎಂದ. "ಗುರುವಾರಕ್ಕೂ ನಮ್ ಸೆಕ್ಯೂರಿಟಿ ಸೂಪರ್‌ವೈಸರ್‌ಗೆ ರಜ ಏಳಿ ಬರ್ತೀನಿ. ಇನ್ಮೇಲೆ ಇಂಗೇ ಮಾಡಾಣ."

"ಮಾಡಣ ಅಪ್ಪಾ," ಎಂದು ಮಧುಶ್ರೀ ಗೋಡೆಯ ಕಡೆಗೆ ಮುಖ ತಿರುಗಿಸಿದಳು.